ಕಾಫಿಯ ನಾಡಿನಲ್ಲಿ ಒಂದು ಚುನಾವಣೆ

ಪಶ್ಚಿಮ ಘಟ್ಟದ ಮಡಿಲಲ್ಲಿರುವ ಚಿಕ್ಕಮಗಳೂರು ಜಿಲ್ಲೆಯು ಕಾಫಿಯ ತವರೆಂದು ಹೆಸರಾದುದು. ಬಾಬಾಬುಡನ್ ಎಂಬ ಸಂತನು ಹದಿನೇಳನೆಯ ಶತಮಾನದಲ್ಲಿ ಅರಬರ ನಾಡಿನಿಂದ ಏಳು ಬೀಜಗಳನ್ನು ತಂದು ಇಲ್ಲಿಯ ಗಿರಿಯಲ್ಲಿ ಬಿತ್ತಿದನೆಂಬ ಐತಿಹ್ಯವನ್ನು ಕೇಳದವರು ವಿರಳ. ನವೆಂಬರ್ ತಿಂಗಳು ಬಂದಿತೆಂದರೆ ಮೂಡಿಗೆರೆ, ಕಳಸ, ಕೊಪ್ಪಗಳ ತೋಟಗಳಲ್ಲಿ ಮಳೆ ಹಿಂದೆಗೆದು ಕಾಫಿಯ ಹಣ್ಣು ಕೆಂಪೇರತೊಡಗುತ್ತದೆ. 1978ರಲ್ಲಿ ಆ ಹೊತ್ತಿಗೆ ಸರಿಯಾಗಿ ಈ ಶಾಂತವಾದ ಮಲೆನಾಡಿಗೆ ದೇಶವಿದೇಶಗಳ ಪತ್ರಕರ್ತರು ಬಂದಿಳಿದರು. ಜಿಲ್ಲೆಯ ಮುಖ್ಯ ಪಟ್ಟಣಕ್ಕೆ ಅಂದು ರೈಲೂ ಇರಲಿಲ್ಲ. ಅದು ಬಂದುದು 2013ರಲ್ಲಿ. ಘಟ್ಟದ ತಿರುವುಗಳಲ್ಲಿ ಕಾರು, ಜೀಪುಗಳ ಸಾಲು ಹರಿಯಿತು. ಹಿಂದಿನ ವರ್ಷ ಅಧಿಕಾರವನ್ನೂ ಲೋಕಸಭೆಯ ಸ್ಥಾನವನ್ನೂ ಒಟ್ಟಿಗೆ ಕಳೆದುಕೊಂಡಿದ್ದ ಇಂದಿರಾ ಗಾಂಧಿಯವರು ಇಲ್ಲಿಂದ ಉಪಚುನಾವಣೆಗೆ ನಿಂತಿದ್ದುದೇ ಈ ಗದ್ದಲಕ್ಕೆ ಕಾರಣ.

ಆ ಸೋಲು ಹೇಗೆ ಬಂದಿತೆಂಬುದನ್ನು ಮೊದಲು ತಿಳಿಯಬೇಕು. 1971ರ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಪಕ್ಷವು 352 ಸ್ಥಾನಗಳನ್ನು ಗೆದ್ದಿತ್ತು. ಅದೇ ವರ್ಷದ ಕೊನೆಯಲ್ಲಿ ಬಾಂಗ್ಲಾದೇಶದ ಉದಯವಾಗಿ ಅವರ ಕೀರ್ತಿ ತುತ್ತತುದಿಗೇರಿತು. ಆದರೆ ಬೆಲೆಯೇರಿಕೆ, ನಿರುದ್ಯೋಗಗಳಿಂದ ಅಸಮಾಧಾನ ಬೆಳೆಯಿತು. 1975ರ ಜೂನ್ 12ರಂದು ಅಲಹಾಬಾದ್ ಉಚ್ಚ ನ್ಯಾಯಾಲಯವು ರಾಯ್‌ಬರೇಲಿಯಲ್ಲಿ ಅವರು ಪಡೆದಿದ್ದ ಗೆಲುವನ್ನು ಅಸಿಂಧುವೆಂದು ಸಾರಿತು. ಹದಿಮೂರು ದಿನಗಳ ತರುವಾಯ ದೇಶದಲ್ಲಿ ತುರ್ತುಪರಿಸ್ಥಿತಿಯ ಘೋಷಣೆಯಾಯಿತು. ಪ್ರತಿಪಕ್ಷಗಳ ಮುಖಂಡರು ಸೆರೆಮನೆ ಸೇರಿದರು. ಅಟಲ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಆಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಬೆಂಗಳೂರಿನಲ್ಲಿಯೇ ಬಂಧಿಸಲಾಯಿತು. ಬೆಂಗಳೂರಿನ ಸೆರೆಯಲ್ಲಿ ಆರೋಗ್ಯ ಕೆಟ್ಟ ಕಲಾವಿದೆ ಸ್ನೇಹಲತಾ ರೆಡ್ಡಿಯವರು ಬಿಡುಗಡೆಯಾದ ಸ್ವಲ್ಪ ದಿನಗಳಲ್ಲಿಯೇ, 1977ರ ಜನವರಿಯಲ್ಲಿ, ತೀರಿಕೊಂಡರು. ವೃತ್ತಪತ್ರಿಕೆಗಳ ಮೇಲೆ ಪರಿಶೀಲನೆಯ ಕತ್ತರಿ ಬಿದ್ದಿತು.

ಪತ್ರಿಕೆಗಳ ಬಾಯಿ ಕಟ್ಟಿದವರಿಗೆ ಅದರಿಂದ ತಮ್ಮ ಕಿವಿಯೂ ಮುಚ್ಚಿಹೋಗುವುದೆಂಬುದು ಬೇಗ ಹೊಳೆಯುವುದಿಲ್ಲ. ಉತ್ತರ ಭಾರತದ ಹಳ್ಳಿಗಳಲ್ಲಿ ಒತ್ತಾಯದ ಸಂತಾನನಿಯಂತ್ರಣ ಚಿಕಿತ್ಸೆಯಿಂದ ಹುಟ್ಟಿದ ಭಯವೂ ಕೋಪವೂ ದಿಲ್ಲಿಗೆ ತಲುಪಲೇ ಇಲ್ಲ. ತಲುಪಿಸಬೇಕಾದವರು ಮೆಚ್ಚುಗೆಯ ಮಾತುಗಳನ್ನಷ್ಟೇ ಒಪ್ಪಿಸುತ್ತಿದ್ದರು. 1977ರ ಜನವರಿಯಲ್ಲಿ ಚುನಾವಣೆಯನ್ನು ಸಾರಿದವರು ಸ್ವತಃ ಇಂದಿರಾ ಗಾಂಧಿಯವರು. ಮಾರ್ಚ್ ತಿಂಗಳಲ್ಲಿ ಮತಗಳನ್ನು ಎಣಿಸಿದಾಗ ಉತ್ತರ ಪ್ರದೇಶದ 85, ಬಿಹಾರದ 54 ಸ್ಥಾನಗಳಲ್ಲಿ ಅವರ ಪಕ್ಷಕ್ಕೆ ಒಂದೂ ದಕ್ಕಲಿಲ್ಲ. ರಾಯ್‌ಬರೇಲಿಯಲ್ಲಿ ರಾಜ್ ನಾರಾಯಣ್ ಅವರೆದುರು ಅವರೇ ಐವತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಫಲಿತಾಂಶವನ್ನು ಮರುಮಾತಿಲ್ಲದೆ ಒಪ್ಪಿ ರಾಜೀನಾಮೆಯಿತ್ತರೆಂಬುದನ್ನು ಅವರ ಕಡುವಿರೋಧಿಗಳೂ ಮನ್ನಿಸಬೇಕಾಯಿತು.

ದಕ್ಷಿಣದ ಚಿತ್ರ ಬೇರೆಯಾಗಿತ್ತು. ಕರ್ನಾಟಕದ 28 ಸ್ಥಾನಗಳಲ್ಲಿ 26ನ್ನು ಕಾಂಗ್ರೆಸ್ಸು ಉಳಿಸಿಕೊಂಡಿತು. ಇದರ ಹಿಂದೆ ಮುಖ್ಯಮಂತ್ರಿ ದೇವರಾಜ ಅರಸರ ಕಾರ್ಯವಿತ್ತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಉಳುವ ಗೇಣಿದಾರನು ಭೂಮಿಯ ಒಡೆಯನಾಗುವ ಹಾದಿ ತೆರೆದಿತ್ತು. ಹಾವನೂರ ಆಯೋಗದ ಮೂಲಕ ಹಿಂದುಳಿದ ವರ್ಗಗಳು ಸರಕಾರದಲ್ಲಿ ತಮಗೂ ಪಾಲುಂಟೆಂದು ನಂಬತೊಡಗಿದ್ದವು. ಕಾಫಿ ತೋಟಗಳು ಈ ಕಾನೂನಿನ ಹೊರಗೆ ಉಳಿದವೆಂಬುದು ನಿಜ. ಆದರೂ ತೋಟದ ಕೂಲಿಯವರಲ್ಲಿ, ಅದರಲ್ಲಿಯೂ ಹೆಂಗಸರಲ್ಲಿ, ‘ಇಂದಿರಮ್ಮ’ನೆಂಬ ಹೆಸರಿಗೆ ತುಂಬಾ ಬೆಲೆಯಿತ್ತು.

ದಿಲ್ಲಿಯಲ್ಲಿ ಅಧಿಕಾರಕ್ಕೆ ಬಂದ ಜನತಾ ಪಕ್ಷದವರು ಗೆಲುವನ್ನು ಜೋಪಾನ ಮಾಡಲಿಲ್ಲ. ಮೂವರು ಹಿರಿಯರು ಪ್ರಧಾನಿ ಪದವಿಯ ಮೇಲೆ ಕಣ್ಣಿಟ್ಟಿದ್ದರು. 1977ರ ಅಕ್ಟೋಬರ್ 3ರಂದು ಇಂದಿರಾ ಗಾಂಧಿಯವರನ್ನು ಬಂಧಿಸಲಾಯಿತು. ಆಧಾರ ಸಾಲದೆಂದು ನ್ಯಾಯಾಲಯವು ಮರುದಿನವೇ ಬಿಡಿಸಿತು. ಸೋತವರ ಮೇಲೆ ಜನರಲ್ಲಿ ಮರುಕ ಹುಟ್ಟಿಸಲು ಇದಕ್ಕಿಂತ ಒಳ್ಳೆಯ ಉಪಾಯ ಬೇರೆ ಬೇಕಿರಲಿಲ್ಲ. ಅದಕ್ಕೆ ಮುನ್ನ, ಆಗಸ್ಟಿನಲ್ಲಿ, ಬಿಹಾರದ ಬೆಲ್ಚಿ ಎಂಬ ಹಳ್ಳಿಯಲ್ಲಿ ದಲಿತರ ಕೊಲೆ ನಡೆದ ಸುದ್ದಿ ತಿಳಿದು ಅವರು ಅಲ್ಲಿಗೆ ಹೊರಟಿದ್ದರು. ಮಳೆಗೆ ರಸ್ತೆ ಕೊಚ್ಚಿಹೋಗಿ ಕಾರು ಹೂತುಕೊಂಡಾಗ ಆನೆಯನ್ನೇರಿ ಕೆಸರನ್ನು ದಾಟಿ ಹಳ್ಳಿ ಸೇರಿದರು. ಇದರಲ್ಲಿ ರಾಜಕೀಯ ಲೆಕ್ಕಾಚಾರ ಇರಲಿಲ್ಲವೆನ್ನಲಾಗದು. ಆದರೆ ಅಂದು ಆ ಹಳ್ಳಿಗೆ ಹೋಗಬೇಕೆಂದು ಅಧಿಕಾರದಲ್ಲಿದ್ದವರಿಗೆ ತೋರಲಿಲ್ಲವಲ್ಲ!

1978ರ ಜನವರಿಯಲ್ಲಿ ಕಾಂಗ್ರೆಸ್ಸು ಮತ್ತೊಮ್ಮೆ ಒಡೆಯಿತು. ಫೆಬ್ರವರಿಯಲ್ಲಿ ಕರ್ನಾಟಕದ ವಿಧಾನಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ಸು 224ರಲ್ಲಿ 149 ಸ್ಥಾನಗಳನ್ನು ಗೆದ್ದು ಅರಸರು ಪುನಃ ಮುಖ್ಯಮಂತ್ರಿಗಳಾದರು. ಲೋಕಸಭೆಗೆ ಮರಳಲು ಇಂದಿರಾ ಗಾಂಧಿಯವರಿಗೆ ಸುಭದ್ರವಾದ ಕ್ಷೇತ್ರವೊಂದು ಬೇಕಾಗಿತ್ತು. ಚಿಕ್ಕಮಗಳೂರಿನ ಸದಸ್ಯರಾಗಿದ್ದ, ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯ ಡಿ. ಬಿ. ಚಂದ್ರೇಗೌಡರು ತಮ್ಮ ಸ್ಥಾನವನ್ನು ಬಿಟ್ಟುಕೊಟ್ಟರು.

ಎದುರಾಳಿ ಸಾಮಾನ್ಯರಲ್ಲ. 1968ರಿಂದ 1971ರವರೆಗೆ ಮುಖ್ಯಮಂತ್ರಿಯಾಗಿದ್ದ ವೀರೇಂದ್ರ ಪಾಟೀಲರು ದಕ್ಷ ಆಡಳಿತಗಾರರೆಂದು ಹೆಸರು ಪಡೆದವರು. ರಾಜ್ಯದ ಉತ್ತರದ ತುದಿಯಾದ ಚಿಂಚೋಳಿಯಿಂದ ಅವರು ಮಲೆನಾಡಿಗೆ ಬಂದು ಜನತಾ ಪಕ್ಷದ ಅಭ್ಯರ್ಥಿಯಾಗಿ ನಿಂತರು. ಮಂಗಳೂರಿನಲ್ಲಿ ಹುಟ್ಟಿದ ಕೇಂದ್ರ ಸಚಿವ ಜಾರ್ಜ್ ಫರ್ನಾಂಡಿಸರು ಅವರ ಪರವಾಗಿ ಊರೂರು ತಿರುಗಿದರು. ತುರ್ತುಪರಿಸ್ಥಿತಿಯ ಅನ್ಯಾಯಗಳನ್ನು ಅವರು ಎತ್ತಿ ಹೇಳಿದುದರಲ್ಲಿ ಸುಳ್ಳಿರಲಿಲ್ಲ. ಆದರೆ ಉತ್ತರ ಭಾರತದ ಹಳ್ಳಿಗರಂತೆ ಇಲ್ಲಿಯ ಕೂಲಿಯವರು ಆ ಕಷ್ಟವನ್ನು ಉಂಡವರಲ್ಲ. ಅವರಿಗೆ ಬೇಕಾದುದು ನಾಳಿನ ಕೂಲಿ, ಮನೆಯ ನಿವೇಶನಗಳ ಮಾತು. ಇಂದಿರಾ ಗಾಂಧಿಯವರೋ ಜೀಪಿನಲ್ಲಿ ತೋಟದಿಂದ ತೋಟಕ್ಕೆ, ಹಳ್ಳಿಯಿಂದ ಹಳ್ಳಿಗೆ ಸುತ್ತಿದರು. ನವೆಂಬರ್ 5ರಂದು ಮತದಾನ ನಡೆಯಿತು. 77 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಅವರು ಗೆದ್ದರು.

ಈ ಗೆಲುವು ಲೋಕಸಭೆಯಲ್ಲಿ ಉಳಿದುದು ಕೆಲವೇ ವಾರ. ಪ್ರಧಾನಿಯಾಗಿದ್ದಾಗ ಮಾರುತಿ ಕಾರು ಸಂಸ್ಥೆಯ ಬಗೆಗೆ ವಿವರ ಸಂಗ್ರಹಿಸುತ್ತಿದ್ದ ಅಧಿಕಾರಿಗಳಿಗೆ ಅಡ್ಡಿಪಡಿಸಿದರೆಂಬ ಹಕ್ಕುಚ್ಯುತಿಯ ಆರೋಪದ ಮೇಲೆ, ಡಿಸೆಂಬರ್ 19ರಂದು ಲೋಕಸಭೆಯು ಅವರ ಸದಸ್ಯತ್ವವನ್ನೇ ಕಿತ್ತುಹಾಕಿ ತಿಹಾರ್ ಸೆರೆಮನೆಗೆ ಕಳುಹಿಸಿತು. ಆರೋಪವು ಹಗುರವಾದುದೇನೂ ಅಲ್ಲ. ಆದರೆ ಮತದಾರರು ಆರಿಸಿದವರನ್ನು ಬಹುಮತದ ಬಲದಿಂದ ಹೊರದಬ್ಬುವುದು ತಕ್ಕ ಶಿಕ್ಷೆಯೇ ಎಂಬ ಪ್ರಶ್ನೆ ಉಳಿಯಿತು. ಮುಂದೆ 1981ರಲ್ಲಿ ಲೋಕಸಭೆಯೇ ಆ ನಿರ್ಣಯವನ್ನು ರದ್ದುಗೊಳಿಸಿತು. ಆಗ ಬಹುಮತ ಇಂದಿರಾ ಗಾಂಧಿಯವರದೇ ಆಗಿತ್ತೆಂಬುದನ್ನೂ ಮರೆಯಲಾಗದು.

ಏಕೆಂದರೆ ಜನತಾ ಸರಕಾರವು 1979ರಲ್ಲಿ ಒಳಜಗಳದಿಂದಲೇ ಉರುಳಿತು. 1980ರ ಜನವರಿಯಲ್ಲಿ 353 ಸ್ಥಾನಗಳೊಡನೆ ಅವರು ಮರಳಿ ಪ್ರಧಾನಿಯಾದರು. ಅಷ್ಟರಲ್ಲಿ ಅರಸರಿಗೂ ಅವರಿಗೂ ಬಿರುಕು ಬಿದ್ದಿತ್ತು. ಕಷ್ಟಕಾಲದಲ್ಲಿ ಆಸರೆಯಾಗಿದ್ದ ನಾಯಕನನ್ನು 1979ರ ಜೂನ್ ತಿಂಗಳಲ್ಲಿ ಪಕ್ಷದಿಂದ ಹೊರಹಾಕಲಾಯಿತು. ತಮ್ಮ ಬೆಂಬಲಿಗರು ಬೇರಾರ ಹೆಸರಿಲ್ಲದೆಯೂ ತಮ್ಮೊಡನೆ ನಿಲ್ಲುವರೆಂದು ಅರಸರು ಎಣಿಸಿರಬೇಕು. ಆ ಚುನಾವಣೆಯಲ್ಲಿ ಅವರ ಪಕ್ಷಕ್ಕೆ ಕರ್ನಾಟಕದಲ್ಲಿ ಒಂದು ಸ್ಥಾನವೂ ಬರಲಿಲ್ಲ. ಅಧಿಕಾರ ಬಿಟ್ಟ ಅವರು 1982ರಲ್ಲಿ ತೀರಿಕೊಂಡರು. ಆದರೆ ಅವರು ಕೊಡಿಸಿದ ಭೂಮಿ ಉಳುವವರ ಕೈಯಲ್ಲಿ ಉಳಿಯಿತು.

ಸೋತ ವೀರೇಂದ್ರ ಪಾಟೀಲರ ಕಥೆ ಇನ್ನೂ ವಿಚಿತ್ರ. ತಾವು ಎದುರಿಸಿದ ನಾಯಕಿಯ ಪಕ್ಷವನ್ನೇ ಸೇರಿ 1980ರಲ್ಲಿ ಕೇಂದ್ರ ಸಚಿವರಾದರು. 1989ರಲ್ಲಿ 178 ಸ್ಥಾನಗಳ ಬಹುಮತದೊಡನೆ, ಹದಿನೆಂಟು ವರ್ಷಗಳ ಬಳಿಕ, ಎರಡನೆಯ ಬಾರಿ ಮುಖ್ಯಮಂತ್ರಿಯಾದರು. ಮರುವರ್ಷ ಅಕ್ಟೋಬರಿನಲ್ಲಿ, ಅನಾರೋಗ್ಯದಿಂದಿದ್ದಾಗಲೇ, ಪಕ್ಷದ ವರಿಷ್ಠರು ಅವರನ್ನು ಕೆಳಗಿಳಿಸಿದರು.

ಇಂದಿರಾ ಗಾಂಧಿಯವರು 1980ರಲ್ಲಿ ಚಿಕ್ಕಮಗಳೂರಿನಿಂದ ನಿಲ್ಲಲಿಲ್ಲ. ರಾಯ್‌ಬರೇಲಿ, ಮೇದಕ್‌ಗಳೆರಡರಲ್ಲಿಯೂ ಗೆದ್ದು ಮೇದಕನ್ನು ಉಳಿಸಿಕೊಂಡರು. ಸ್ಥಾನವನ್ನು ಬಿಟ್ಟುಕೊಟ್ಟ ಚಂದ್ರೇಗೌಡರು ಮುಂದೆ ಬೇರೆ ಪಕ್ಷಗಳಿಗೆ ಸೇರಿದರು. 1983ರಲ್ಲಿ ಕರ್ನಾಟಕ ವಿಧಾನಸಭೆಯ ಅಧ್ಯಕ್ಷರಾಗಿ, 2023ರಲ್ಲಿ ನಿಧನರಾದರು. ಮೂಡಿಗೆರೆಯ ಹಳಬರು ಇಂದಿಗೂ ಅವರ ಹೆಸರೆತ್ತಿದರೆ ಮೊದಲು ನೆನೆಯುವುದು ಅವರು ಗೆದ್ದ ಚುನಾವಣೆಗಳನ್ನಲ್ಲ, ಬಿಟ್ಟುಕೊಟ್ಟ ಆ ಒಂದು ಸ್ಥಾನವನ್ನು.