ಆಂಬುಲೆನ್ಸ್ ಬರುವ ಮುಂಚಿನ ನಿಮಿಷಗಳು

2025ರ ಮೇ–ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿ ಒಂದರ ಹಿಂದೊಂದು ಬಂತು. ಸತ್ತವರಲ್ಲಿ ಎಳೆಯ ಪ್ರಾಯದವರೂ ಇದ್ದರು. ಹೆದರಿದ ಜನ ತಪಾಸಣೆಗೆಂದು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿ, ಅಸಹಜ ಏರಿಕೆಯೇನೂ ಇಲ್ಲ ಎಂದಿತು. ಜನರ ಭಯ ಇಳಿಯಿತು. ನನ್ನನ್ನು ಇನ್ನೂ ಕಾಡುವುದು ಬೇರೆ ಪ್ರಶ್ನೆ: ಅರಕಲಗೂಡಿನದೋ ಚನ್ನರಾಯಪಟ್ಟಣದ್ದೋ ಒಂದು ಶಾಲೆಯ ಮೈದಾನದಲ್ಲಿ ಯಾರಾದರೂ ಕುಸಿದುಬಿದ್ದರೆ, ಪಕ್ಕದಲ್ಲಿದ್ದವರಿಗೆ ಏನು ಮಾಡಬೇಕೆಂದು ಗೊತ್ತೇ?

ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ. ಮೊದಲನೆಯದು ಪಂಪ್‌ಸೆಟ್ಟಿನ ಪೈಪು ಕಟ್ಟಿಕೊಂಡಂತೆ, ಎರಡನೆಯದು ಮೋಟರೇ ನಿಂತಂತೆ. ಆಘಾತವಾದವರು ಎದೆನೋವು, ಬೆವರು ಎಂದು ಮಾತಾಡುತ್ತಿರುತ್ತಾರೆ. ಅವರನ್ನು ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಸ್ತಂಭನವಾದವರಿಗೆ ಎಚ್ಚರವಿರುವುದಿಲ್ಲ, ಸಹಜ ಉಸಿರಾಟವೂ ಇರುವುದಿಲ್ಲ. ಆಗೊಮ್ಮೆ ಈಗೊಮ್ಮೆ ಬಾಯ್ದೆರೆದು ಏದುಸಿರು ಎಳೆಯಬಹುದು. ಅದನ್ನು ಕಂಡು ‘ಉಸಿರಾಡ್ತಿದ್ದಾರೆ’ ಎಂದು ಸುಮ್ಮನಾಗುವುದು ದೊಡ್ಡ ಅಪಾಯ. ರಕ್ತ ಹರಿಯದಿದ್ದರೆ ನಾಲ್ಕಾರು ನಿಮಿಷಗಳಲ್ಲೇ ಮಿದುಳಿಗೆ ಪೆಟ್ಟಾಗತೊಡಗುತ್ತದೆ. ಏನೂ ಮಾಡದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುವ ಅವಕಾಶ ಶೇ 7ರಿಂದ 10ರಷ್ಟು ಕುಗ್ಗುತ್ತದೆ. 108 ಎಷ್ಟೇ ವೇಗವಾಗಿ ಬಂದರೂ ಹಳ್ಳಿಯ ಶಾಲೆಗೆ ಅಷ್ಟರೊಳಗೆ ತಲುಪುವುದು ಕಷ್ಟ.

ಆ ಹೊತ್ತಿನಲ್ಲಿ ಬೇಕಾದದ್ದು ಎರಡು ಕೈ. ಒಬ್ಬರು 108ಕ್ಕೆ ಫೋನ್ ಮಾಡಬೇಕು. ಇನ್ನೊಬ್ಬರು ಬಿದ್ದವರನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಒಂದರ ಮೇಲೊಂದು ಅಂಗೈ ಊರಿ, ಮೊಣಕೈ ಮಡಿಸದೆ ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ದೊಡ್ಡವರಿಗಾದರೆ 5–6 ಸೆಂಟಿಮೀಟರ್ ಆಳ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು, ಇಲ್ಲದಿದ್ದರೆ ಹೃದಯದೊಳಗೆ ರಕ್ತ ತುಂಬುವುದಿಲ್ಲ. ಇದೇ ಸಿಪಿಆರ್. ಎದೆ ಒತ್ತುವ ಈ ವಿಧಾನವನ್ನು 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಸಂಶೋಧಕರು ಪ್ರಕಟಿಸಿದರು.

ಮಕ್ಕಳ ವಿಷಯದಲ್ಲಿ ಒಂದು ವ್ಯತ್ಯಾಸವಿದೆ. ಅವರ ಹೃದಯ ನಿಲ್ಲುವುದು ಹೆಚ್ಚಾಗಿ ಉಸಿರು ಕಟ್ಟಿದ್ದರಿಂದ. ಹೇಮಾವತಿಯ ದಂಡೆಯ ಹೊಳೆನರಸೀಪುರ, ಒಂದೆಡೆ ಕಾವೇರಿ ಹರಿಯುವ ಅರಕಲಗೂಡು ತಾಲ್ಲೂಕು, ಊರೂರಿನ ಕೆರೆ, ನಾಲೆ, ಕೃಷಿಹೊಂಡ – ಇಲ್ಲೆಲ್ಲ ನೀರಿನ ಭಯ ನಿಜವಾದದ್ದು. ಮುಳುಗಿದ ಮಗುವನ್ನು ತಲೆಕೆಳಗೆ ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಬೇಡವೇ ಬೇಡ. ಅಮೂಲ್ಯ ನಿಮಿಷಗಳು ಅದರಲ್ಲೇ ಹೋಗುತ್ತವೆ. ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಎದೆ ಒತ್ತಬೇಕು. ಸಿಡಿಲು ಬಡಿದವರಿಗೂ ಸಿಪಿಆರ್ ಮಾಡಬಹುದು. ಅವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ, ಮುಟ್ಟಲು ಹೆದರಬೇಕಿಲ್ಲ.

12 ವರ್ಷದಿಂದ ಮೇಲಿನ ಮಕ್ಕಳಿಗೆ ವರ್ಷಕ್ಕೆ ಎರಡು ಗಂಟೆ ಸಿಪಿಆರ್ ಕಲಿಸಬೇಕೆಂಬ ಯೋಜನೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಅನುಮೋದಿಸಿತು. ಡೆನ್ಮಾರ್ಕ್ 2005ರಲ್ಲೇ ಶಾಲೆಗಳಲ್ಲಿ ಇದನ್ನು ಕಡ್ಡಾಯ ಮಾಡಿತ್ತು. ಅಲ್ಲಿ ಆಸ್ಪತ್ರೆಯ ಹೊರಗೆ ಕುಸಿದವರಲ್ಲಿ ದಾರಿಹೋಕರಿಂದ ಸಿಪಿಆರ್ ಪಡೆದವರು 2001ರಲ್ಲಿ ಶೇ 21ರಷ್ಟಿದ್ದರು. 2010ರ ಹೊತ್ತಿಗೆ ಶೇ 45ರಷ್ಟಾದರು. ಶಾಲೆಯ ಜೊತೆಗೆ ಬೇರೆ ಪ್ರಯತ್ನಗಳೂ ಇದರ ಹಿಂದಿದ್ದವು. ಆ ಅವಧಿಯಲ್ಲಿ ತಿಂಗಳ ನಂತರವೂ ಬದುಕುಳಿದವರ ಪ್ರಮಾಣ ಶೇ 3.5ರಿಂದ 10.8ಕ್ಕೆ ಏರಿತು.

ಮಕ್ಕಳ ಹೃದಯ ತಪಾಸಣೆ ಒಳ್ಳೆಯದೇ, ಆದರೆ ಎಲ್ಲ ದೋಷವೂ ಅದರಲ್ಲಿ ಸಿಗುವುದಿಲ್ಲ. ಹಾಸನದ ಹೈಸ್ಕೂಲುಗಳು ಈ ವರ್ಷವೇ ಎರಡು ಪಿ.ಟಿ. ಪೀರಿಯಡ್ಡು ಬಿಟ್ಟುಕೊಡಲಿ. ತಾಲ್ಲೂಕು ಆಸ್ಪತ್ರೆಯ ನರ್ಸೊಬ್ಬರು ಬಂದು ತೋರಿಸಲಿ. ತರಬೇತಿಯ ಗೊಂಬೆ ಸಿಗದಿದ್ದರೆ ಗಟ್ಟಿ ದಿಂಬಿನ ಮೇಲೂ ಒತ್ತುವ ಲಯ ಕಲಿಯಬಹುದು. ಅಡುಗೆ ಸಿಬ್ಬಂದಿ, ಶಾಲಾ ವಾಹನದ ಚಾಲಕರನ್ನೂ ಕೂರಿಸಿಕೊಳ್ಳಬೇಕು, ಏಕೆಂದರೆ ಮೇಷ್ಟ್ರು ಇಲ್ಲದ ಹೊತ್ತಿನಲ್ಲೂ ಮಕ್ಕಳ ಬಳಿ ಇರುವವರು ಅವರೇ.