ತಿರುಪಿನ ಜೋಡಣೆ ಮತ್ತು ಗಿಟಾರಿನ ನಾದ: ಶಬ್ದದ ಪಾಠಕ್ಕೊಂದು ಉದಾಹರಣೆ

ಶಬ್ದದ ಪಾಠಕ್ಕೆ ನಾವು ಸಾಮಾನ್ಯವಾಗಿ ಶ್ರುತಿಕವಲು, ಸೋನೋಮೀಟರ್ ಮತ್ತು ರಬ್ಬರ್ ಬ್ಯಾಂಡ್‌ಗಳನ್ನು ಬಳಸುತ್ತೇವೆ. ಎಲೆಕ್ಟ್ರಿಕ್ ಗಿಟಾರ್ ಕೂಡ ಒಳ್ಳೆಯ ಬೋಧನೋಪಕರಣ. ಕಂಪನ, ಅನುರಣನೆ, ವಿದ್ಯುತ್ಕಾಂತೀಯ ಪ್ರೇರಣೆ ಮೂರೂ ಅದರಲ್ಲಿವೆ. ಜೊತೆಗೆ, ಪರೀಕ್ಷಿಸಿ ನೋಡಬೇಕಾದ ಒಂದು ಹಳೆಯ ನಂಬಿಕೆಯೂ ಇದೆ: ಗಿಟಾರಿನ ನೆಕ್, ಅಂದರೆ ಕತ್ತನ್ನು ತಿರುಪಿನಿಂದ ಜೋಡಿಸಿದರೆ ನಾದ ಬೇಗ ಸಾಯುತ್ತದೆ, ಅಂಟಿನಿಂದ ಕೂಡಿಸಿದರೆ ಹೆಚ್ಚು ಹೊತ್ತು ಉಳಿಯುತ್ತದೆ.

ಅಭ್ಯಾಸ ಬೋಧನೆಯ ಅವಧಿಯಲ್ಲಿ ಒಂಬತ್ತನೇ ತರಗತಿಯ ವಿದ್ಯಾರ್ಥಿಯೊಬ್ಬ ಕೇಳಿದ: "ಮಿಸ್, ಸ್ಕ್ರೂ ಹಾಕಿರೋ ಗಿಟಾರ್ ತಗೋಬೇಡಿ ಅಂತ ಅಂಗಡೀಲಿ ಹೇಳಿದ್ರು. ಅಂಟಿಸಿದ್ದಕ್ಕೆ ರೇಟು ಜಾಸ್ತಿ. ಅದು ನಿಜಾನಾ?" ಈ ಪ್ರಶ್ನೆಯ ಹಿಂದೆ ಅವನ ಮನೆಯವರ ದುಡ್ಡಿದೆ. 'ಹೌದು' ಅಥವಾ 'ಇಲ್ಲ' ಎಂದು ಹೇಳಿ ಮುಗಿಸಿದರೆ ಅಂಗಡಿಯವರ ಮಾತಿನ ಜಾಗದಲ್ಲಿ ಶಿಕ್ಷಕರ ಮಾತು ಕೂರುತ್ತದೆ, ಅಷ್ಟೇ. ಉತ್ತರವನ್ನು ಹುಡುಕುವ ದಾರಿಯನ್ನೇ ಪಾಠವಾಗಿಸುವುದು ಮೇಲು.

ಜೋಡಣೆಯ ಬಗೆ

ಲಿಯೊ ಫೆಂಡರ್ ಅಮೆರಿಕದ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ನಡೆಸುತ್ತಿದ್ದವರು. ಬಿಚ್ಚಿ ಸರಿಪಡಿಸುವ ಅನುಕೂಲ ಅವರಿಗೆ ಮುಖ್ಯವಾಗಿತ್ತು. 1950ರ ದಶಕದ ಆರಂಭದ ಟೆಲಿಕಾಸ್ಟರ್ ಮತ್ತು 1954ರ ಸ್ಟ್ರಾಟೊಕಾಸ್ಟರ್‌ಗಳಲ್ಲಿ ಕತ್ತು ಒಡಲಿನ ಗುಳಿಯಲ್ಲಿ ಕೂರುತ್ತದೆ. ಹಿಂದಿನಿಂದ ಲೋಹದ ತಗಡಿನ ಮೂಲಕ ನಾಲ್ಕು ತಿರುಪುಮೊಳೆಗಳು ಅದನ್ನು ಒಡಲಿಗೆ ಬಿಗಿಯಾಗಿ ಎಳೆದು ಹಿಡಿಯುತ್ತವೆ. ಇದಕ್ಕೆ 'ಬೋಲ್ಟ್-ಆನ್' ಎಂಬ ಹೆಸರಿದ್ದರೂ ಇವು ನಿಜವಾಗಿ ಮರದ ತಿರುಪುಗಳು. ಕೆಲವು ತಯಾರಕರು ಕತ್ತಿನೊಳಗೆ ಲೋಹದ ತಿರುಪುಗೂಡು ಕೂರಿಸಿ ನಿಜವಾದ ಬೋಲ್ಟನ್ನೇ ಬಳಸುತ್ತಾರೆ. ಆಗ ಎಷ್ಟು ಸಲ ಬಿಚ್ಚಿದರೂ ಮರದ ತೂತು ಸವೆಯುವುದಿಲ್ಲ. 1952ರಲ್ಲಿ ಬಂದ ಗಿಬ್ಸನ್ ಲೆಸ್ ಪಾಲ್‌ನಲ್ಲಿ ಕತ್ತನ್ನು ಅಂಟಿನಿಂದ ಕೂಡಿಸಲಾಗುತ್ತದೆ.

ನಾದ ಹುಟ್ಟುವ ಸ್ಥಳ

ಎಲೆಕ್ಟ್ರಿಕ್ ಗಿಟಾರಿನಲ್ಲಿ ಒಡಲು ಗಾಳಿಯನ್ನು ಅಲುಗಿಸಿ ಮಾಡುವ ಸದ್ದು ಬಹಳ ಸಣ್ಣದು. ಉಕ್ಕಿನ ತಂತಿ ಪಿಕಪ್‌ನ ಕಾಂತಕ್ಷೇತ್ರದಲ್ಲಿ ಕಂಪಿಸಿದಾಗ ಸುರುಳಿಯಲ್ಲಿ ವೋಲ್ಟೇಜ್ ಪ್ರೇರಿತವಾಗುತ್ತದೆ. ಸ್ಪೀಕರ್‌ಗೆ ಹೋಗುವುದು ಅದೇ. ಹಾಗಾದರೆ ಜೋಡಣೆಯ ಪ್ರಭಾವ ಬರಬೇಕಾದದ್ದು ಒಂದೇ ದಾರಿಯಲ್ಲಿ: ತಂತಿಯ ಕಂಪನವನ್ನು ಬದಲಿಸುವ ಮೂಲಕ.

ಮೀಟಿದ ತಂತಿ ತನ್ನ ಶಕ್ತಿಯನ್ನು ಗಾಳಿಗೆ, ತನ್ನೊಳಗಿನ ಘರ್ಷಣೆಗೆ ಮತ್ತು ಎರಡು ತುದಿಗಳ ಆಧಾರಕ್ಕೆ ಕಳೆದುಕೊಳ್ಳುತ್ತದೆ. ಆಧಾರ ಭಾರವಾಗಿ, ಗಡುಸಾಗಿದ್ದರೆ ತರಂಗ ಬಹುಪಾಲು ತಂತಿಗೇ ಪ್ರತಿಫಲಿಸುತ್ತದೆ. ಆದರೆ ಕತ್ತಿಗೂ ತನ್ನದೇ ಸ್ವಾಭಾವಿಕ ಆವೃತ್ತಿಗಳಿವೆ. ನುಡಿಸಿದ ಸ್ವರ ಅದಕ್ಕೆ ಹೊಂದಿದರೆ ಅನುರಣನೆ ಉಂಟಾಗಿ, ಕತ್ತು ತಂತಿಯ ಶಕ್ತಿಯನ್ನು ಹೀರಿಕೊಳ್ಳುತ್ತದೆ ಮತ್ತು ಆ ಸ್ವರ ಬೇಗ ಅಡಗುತ್ತದೆ. ನುಡಿಸುವವರು ಇದನ್ನು 'ಡೆಡ್ ಸ್ಪಾಟ್' ಎನ್ನುತ್ತಾರೆ. ಜರ್ಮನಿಯ ಹೆಲ್ಮುಟ್ ಫ್ಲೈಷರ್ 1990ರ ದಶಕದಲ್ಲಿ ಕತ್ತಿನ ಕಂಪನವನ್ನು ಅಳೆದು ಈ ಸಂಬಂಧವನ್ನು ತೋರಿಸಿದರು. ಜೋಡಣೆಯ ಬಿಗುವು ಕತ್ತಿನ ಸ್ವಾಭಾವಿಕ ಆವೃತ್ತಿಯನ್ನು ತುಸು ಬದಲಿಸಬಲ್ಲದು. ಆದ್ದರಿಂದ ಪ್ರಭಾವ ಇಲ್ಲವೇ ಇಲ್ಲ ಎನ್ನಲಾಗದು. ಆದರೆ ಅದು ಕೆಲವು ಸ್ವರಗಳ ಮೇಲಿನ ಪ್ರಭಾವ. ಇಡೀ ವಾದ್ಯದ ನಾದ ಇದರಿಂದ ತೀರ್ಮಾನವಾಗುವುದಿಲ್ಲ.

ಸಡಿಲ ಜೋಡಣೆಯ ಮಾತು ಬೇರೆ. 1971ರಲ್ಲಿ ಸ್ಟ್ರಾಟೊಕಾಸ್ಟರ್‌ಗೆ ಮೂರು ತಿರುಪಿನ ವಿಧಾನ ಬಂತು. ಕತ್ತು ಪಕ್ಕಕ್ಕೆ ಸರಿಯುತ್ತದೆ ಎಂಬ ದೂರುಗಳು ಕೇಳಿಬಂದವು. 1980ರ ದಶಕದಲ್ಲಿ ಆ ಮಾದರಿ ಮತ್ತೆ ನಾಲ್ಕು ತಿರುಪಿಗೆ ಮರಳಿತು. ಕತ್ತು ಸರಿದರೆ ಶ್ರುತಿ ಕೆಡುತ್ತದೆ, ತಂತಿಯ ಎತ್ತರ ಬದಲಾಗುತ್ತದೆ.

ಹೋಲಿಕೆಯ ತೊಡಕು

'ಫೆಂಡರ್ ಮತ್ತು ಗಿಬ್ಸನ್ ನಾದ ಬೇರೆ, ಆದ್ದರಿಂದ ಜೋಡಣೆಯೇ ಕಾರಣ' ಎಂಬ ವಾದವನ್ನು ಕಪ್ಪುಹಲಗೆಯ ಮೇಲೆ ಬರೆದು, ಬೇರೆ ಯಾವ ಚರಗಳು ಬದಲಾಗಿವೆ ಎಂದು ವಿದ್ಯಾರ್ಥಿಗಳನ್ನೇ ಕೇಳಬಹುದು. ತಂತಿಯ ಉದ್ದ ಒಂದರಲ್ಲಿ 25.5 ಅಂಗುಲ, ಇನ್ನೊಂದರಲ್ಲಿ ಸುಮಾರು 24.75 ಅಂಗುಲ. ಆವೃತ್ತಿ ಮತ್ತು ತಂತಿ ಒಂದೇ ಆಗಿದ್ದರೆ ಕರ್ಷಣವು ಉದ್ದದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಅಂದರೆ ಉದ್ದದ ಗಿಟಾರಿನಲ್ಲಿ ಕರ್ಷಣ ಸುಮಾರು ಶೇ. 6 ಹೆಚ್ಚು. ಸ್ಟ್ರಾಟೊಕಾಸ್ಟರ್‌ನಲ್ಲಿ ಒಂಟಿ ಸುರುಳಿಯ ಪಿಕಪ್, ಲೆಸ್ ಪಾಲ್‌ನಲ್ಲಿ 1957ರಿಂದ ಜೋಡಿ ಸುರುಳಿಯದು. ಮರವೂ ಬೇರೆ, ಬ್ರಿಡ್ಜ್ ಕೂಡ ಬೇರೆ. ಇಷ್ಟೆಲ್ಲ ಬದಲಾದ ಮೇಲೆ ಜೋಡಣೆಯೊಂದಕ್ಕೇ ಕಾರಣ ಹೊರಿಸಲಾಗದು.

ವಾದ್ಯ ತಯಾರಕ ಆರ್. ಎಂ. ಮೊಟೋಲ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ಪರೀಕ್ಷಾ ವಾದ್ಯದ ಜೋಡಣೆಯನ್ನಷ್ಟೇ ಬದಲಿಸಿದರು. ನಾದ ಉಳಿಯುವ ಅವಧಿಯಲ್ಲಿ ತಿರುಪಿನ ಜೋಡಣೆ ಹಿಂದೆ ಬೀಳಲಿಲ್ಲ. ಕೇಳುಗರಿಗೂ ವ್ಯತ್ಯಾಸ ಗುರುತಿಸಲು ಆಗಲಿಲ್ಲ. ಇದು ಒಂದೇ ವಾದ್ಯದ ಫಲಿತಾಂಶ ಎಂಬುದನ್ನೂ ಮಕ್ಕಳಿಗೆ ಹೇಳಬೇಕು.

ತರಗತಿಯಲ್ಲಿ

ಮೊದಲು ಉಕ್ಕಿನ ಸ್ಕೇಲನ್ನು ಮೇಜಿನ ಅಂಚಿಗೆ ಬಿಗಿಯಾಗಿ ಒತ್ತಿ ಮೀಟಿಸಿ, ನಂತರ ಸಡಿಲವಾಗಿ ಹಿಡಿದು ಮೀಟಿಸಿ. ಆಧಾರದ ಪಾತ್ರ ತಕ್ಷಣ ತಿಳಿಯುತ್ತದೆ. ಬಳಿಕ ಎರಡು ಹಲಗೆಗಳ ತುದಿಗಳನ್ನು ಒಂದರ ಮೇಲೊಂದಿಟ್ಟು ನಟ್-ಬೋಲ್ಟಿನಿಂದ ಜೋಡಿಸಿ, ಮೇಲೆ ಗಿಟಾರ್ ತಂತಿ ಎಳೆಯಿರಿ. ಕರ್ಷಣ ಬದಲಾಗದಂತೆ ಸೋನೋಮೀಟರಿನ ಹಾಗೆ ತೂಕ ತೂಗುಹಾಕಿ. ಒಂದೇ ಜಾಗದಲ್ಲಿ, ಒಂದೇ ದೂರಕ್ಕೆ ಎಳೆದು ಮೀಟಬೇಕು. ಬಿಗಿ, ಅರೆಬಿಗಿ, ಸಡಿಲ ಸ್ಥಿತಿಗಳಲ್ಲಿ ಐದೈದು ಸಲ ಮೊಬೈಲ್‌ನಲ್ಲಿ ಧ್ವನಿ ದಾಖಲಿಸಿ, ಅಡಗುವ ಸಮಯದ ಸರಾಸರಿ ತೆಗೆಯಲಿ. ಇನ್ನೊಂದು ಗುಂಪು ಬೆನ್ನು ತಿರುಗಿಸಿ ಕೂತು, ಯಾವ ಸ್ಥಿತಿ ಎಂದು ಕೇಳಿಯೇ ಊಹಿಸಲಿ. ಕಣ್ಣಿಗೆ ಕಂಡದ್ದು ಕಿವಿಯ ತೀರ್ಪನ್ನು ಬದಲಿಸದಿರಲು ಈ ಕ್ರಮ ಅಗತ್ಯ.

ಮೌಲ್ಯಮಾಪನಕ್ಕೆ ಒಂದು ಪ್ರಶ್ನೆ ಸಾಕು: ಗಿಟಾರ್ ಕೊಳ್ಳಲು ಹೊರಟ ಗೆಳೆಯನಿಗೆ ಏನನ್ನು ಪರೀಕ್ಷಿಸಲು ಹೇಳುವಿರಿ, ಏಕೆ? ಕತ್ತು ಗುಳಿಯಲ್ಲಿ ಅಲುಗದೆ ಕೂತಿದೆಯೇ, ಪ್ರತಿ ಮನೆಯ ಸ್ವರವೂ ಸಮನಾಗಿ ಉಳಿಯುತ್ತದೆಯೇ ಎಂದು ನೋಡಲು ಹೇಳಿ, ಅದಕ್ಕೆ ಕಾರಣ ಬರೆದವರಿಗೆ ಪೂರ್ಣ ಅಂಕ. ತಿರುಪೋ ಅಂಟೋ ಎಂದಷ್ಟೇ ಬರೆದವರಿಗೆ ಹಲಗೆಯ ಪ್ರಯೋಗವನ್ನು ಇನ್ನೊಮ್ಮೆ ಮಾಡಿಸಬೇಕು.