ಬಣ್ಣ ತಿರುಗುವ ನೀರು

ಬಿಳಿ ಪುಡಿ, ವಾಸನೆಯಿಲ್ಲ. ನೋಟಿಗೆ ಸವರಿದರೆ ಕಣ್ಣಿಗೆ ಬೀಳುವುದೂ ಇಲ್ಲ. ಹೆಸರು ಫಿನಾಫ್ತಲೀನ್. ಬೀದರ್‌ನ ಲೋಕಾಯುಕ್ತ ಪೊಲೀಸರಿಗೆ ಲಾಠಿಗಿಂತ ಹೆಚ್ಚು ಕೆಲಸಕ್ಕೆ ಬರುವುದು ಇದೇ.

ಭಾಲ್ಕಿ ತಾಲ್ಲೂಕಿನ ರೈತನೊಬ್ಬ ಜಮೀನಿನ ಪೋಡಿಗೆ ಅಲೆಯುತ್ತಿದ್ದಾನೆ ಎಂದುಕೊಳ್ಳಿ. ಕಡತ ಸರಿಯಲು ‘ಚಾಯ್‌ಪಾನಿ’ ಬೇಕಂತೆ. ಆತ ಬೀದರ್‌ಗೆ ಬಂದು ದೂರು ಕೊಟ್ಟರೆ ಮೊದಲು ಎಫ್‌ಐಆರ್. ಆಮೇಲೆ ಬೇರೆ ಕಚೇರಿಯ ಇಬ್ಬರು ನೌಕರರನ್ನು ಪಂಚರಾಗಿ, ಅಂದರೆ ಸಾಕ್ಷಿಗಳಾಗಿ, ಕರೆಸುತ್ತಾರೆ. ನೋಟುಗಳ ನಂಬರ್ ಬರೆದುಕೊಂಡು, ಪುಡಿ ಸವರಿ, ರೈತನ ಜೇಬಿಗೆ ಇಡುತ್ತಾರೆ. ಕೇಳಿದರೆ ಮಾತ್ರ ಕೊಡಬೇಕು ಎಂದು ತಾಕೀತು. ಪಂಚರಲ್ಲಿ ಒಬ್ಬರು ನೆರಳಿನ ಹಾಗೆ ಜೊತೆಗಿರುತ್ತಾರೆ. ಹಣ ಕೈ ಬದಲಾಯಿಸಿತೋ, ರೈತ ಹೊರಬಂದು ತಲೆ ಸವರಿಕೊಳ್ಳಬೇಕು, ಅದೇ ಸನ್ನೆ. ಒಳನುಗ್ಗಿದ ತಂಡ ಸಾಹೇಬರ ಬೆರಳುಗಳನ್ನು ಸೋಡಿಯಂ ಕಾರ್ಬೊನೇಟ್, ಅಂದರೆ ಬಟ್ಟೆ ಸೋಡಾ, ಕಲಸಿದ ನೀರಿಗೆ ಅದ್ದಿಸುತ್ತದೆ. ತಿಳಿನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹಣ ಪ್ಯಾಂಟಿನ ಜೇಬು ಸೇರಿದ್ದರೆ ಪ್ಯಾಂಟೂ ಮುದ್ದೆಮಾಲು. ಸಾಹೇಬರು ಬದಲಿ ಬಟ್ಟೆಗೆ ಕಾಯಬೇಕು.

ಬಣ್ಣ ಬಂದ ಮಾತ್ರಕ್ಕೆ ಶಿಕ್ಷೆಯಾಗದು. ಲಂಚ ಕೇಳಿದ್ದೂ ರುಜುವಾತಾಗಬೇಕು. ದೂರುದಾರ ತೀರಿಕೊಂಡರೂ ಮಾತು ಬದಲಿಸಿದರೂ ಉಳಿದ ಸಾಕ್ಷ್ಯಗಳಿಂದ ಅದನ್ನು ಸಾಬೀತುಪಡಿಸಬಹುದು ಎಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2022ರ ಡಿಸೆಂಬರ್‌ನಲ್ಲಿ ಹೇಳಿತು.

ಆ ವರ್ಷವೇ ಲೋಕಾಯುಕ್ತ ಸಂಸ್ಥೆಗೆ ಮರುಜೀವ ಬಂದದ್ದು. ರಾಮಕೃಷ್ಣ ಹೆಗಡೆ ಸರ್ಕಾರ ತಂದ 1984ರ ಕಾಯ್ದೆಯಡಿ 1986ರಲ್ಲಿ ಹುಟ್ಟಿದ ಲೋಕಾಯುಕ್ತ, ಬಹುಕಾಲ ಜನರ ನಾಲಿಗೆಯ ಮೇಲಿರಲಿಲ್ಲ. ನ್ಯಾಯಮೂರ್ತಿ ಎನ್. ವೆಂಕಟಾಚಲ (2001–2006) ಆಸ್ಪತ್ರೆ, ಕಚೇರಿಗಳಿಗೆ ದಿಢೀರನೆ ನುಗ್ಗಿ ಎಲ್ಲರೆದುರೇ ಗದರಿಸಿದ ಮೇಲೆ ಅದು ಮನೆಮಾತಾಯಿತು. ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಅಕ್ರಮ ಗಣಿಗಾರಿಕೆ ವರದಿಯ ಬೆನ್ನಿಗೇ 2011ರ ಜುಲೈನಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. 2015ರಲ್ಲಿ ಸಂಸ್ಥೆಯ ಮನೆಯೊಳಗಿಂದಲೇ ಸುಲಿಗೆಯ ಆರೋಪ ಕೇಳಿಬಂತು. ಆ ಡಿಸೆಂಬರ್‌ನಲ್ಲಿ ಲೋಕಾಯುಕ್ತರು ರಾಜೀನಾಮೆ ಕೊಟ್ಟರು. ಕುರ್ಚಿ ವರ್ಷ ದಾಟಿ ಖಾಲಿ ಬಿತ್ತು. 2016ರ ಮಾರ್ಚ್‌ನಲ್ಲಿ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ ಕಟ್ಟಿ ಲೋಕಾಯುಕ್ತ ಪೊಲೀಸರ ತನಿಖಾಧಿಕಾರ ಕಿತ್ತುಕೊಂಡಿತು. ಹೊಸ ದಳದ ಮೇಲ್ವಿಚಾರಣೆ ಮುಖ್ಯಮಂತ್ರಿಯದು. ಕಳ್ಳನ ಕೈಗೇ ಬೀಗದ ಕೈ ಎಂದು ಟೀಕಿಸಿದವರನ್ನು ತಪ್ಪೆನ್ನಲಾಗದು. 2022ರ ಆಗಸ್ಟ್ 11ರಂದು ಹೈಕೋರ್ಟ್ ದಳವನ್ನೇ ರದ್ದುಮಾಡಿ ಅಧಿಕಾರವನ್ನು ಲೋಕಾಯುಕ್ತ ಪೊಲೀಸರಿಗೆ ಮರಳಿಸಿತು. ತೀರ್ಪಿತ್ತ ಪೀಠದಲ್ಲಿದ್ದ ನ್ಯಾಯಮೂರ್ತಿ ಬಿ. ವೀರಪ್ಪ 2024ರಲ್ಲಿ ಅದೇ ಸಂಸ್ಥೆಯ ಉಪಲೋಕಾಯುಕ್ತರಾದದ್ದು ಒಂದು ಸ್ವಾರಸ್ಯ.

ಜೀವವೇನೋ ಬಂತು, ಹಲ್ಲು ಪೂರ್ತಿ ಬಂದಿಲ್ಲ. ಲೋಕಾಯುಕ್ತರು ಶಿಫಾರಸು ಮಾಡಬಹುದು, ಶಿಕ್ಷಿಸುವಂತಿಲ್ಲ. ನೌಕರನ ವಿಚಾರಣೆಗೆ ಸರ್ಕಾರದ ಮಂಜೂರಾತಿ ಬೇಕು. ಅಷ್ಟರಲ್ಲಿ ಸಾಕ್ಷ್ಯವಾಗಿ ಶೀಸೆಯಲ್ಲಿಟ್ಟ ನೀರಿನ ಗುಲಾಬಿ ಬಣ್ಣ ಮಾಸುವುದೂ ಉಂಟು.

ದೂರು ಕೊಡಲು ಔರಾದ್, ಭಾಲ್ಕಿ ತಾಲ್ಲೂಕುಗಳವರು ಬೀದರ್‌ಗೆ ಹೋಗಿಬಂದರೆ ಒಂದು ದಿನದ ಕೂಲಿ ಹೋಯಿತು. ತಾಲ್ಲೂಕುಗಳಲ್ಲಿ ನಡೆಯುವ ಅಹವಾಲು ಸಭೆಗಳ ದಿನವನ್ನು ಸಂತೆಯ ದಿನದಂತೆ ಗೊತ್ತುಮಾಡಿ ಮೊದಲೇ ಸಾರಬೇಕು. ಕೆಲಸ ವಿಳಂಬವಾದಂಥ ಕುಂದುಕೊರತೆಯಾದರೆ, ಅದು ತಿಳಿದ ಆರು ತಿಂಗಳೊಳಗೆ ಲೋಕಾಯುಕ್ತರಿಗೆ ದೂರು ಕೊಡಬೇಕು. ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಪ್ರಮಾಣಪತ್ರ. ಒತ್ತಾಯಕ್ಕೆ ಮಣಿದು ಲಂಚ ಕೊಟ್ಟವರು ಏಳು ದಿನದೊಳಗೆ ಠಾಣೆಗೆ ತಿಳಿಸಿದರೆ ಅವರ ಮೇಲೆ ಅಪರಾಧ ಬಾರದು.